ಪತಿಯ ಸುಪರ್ದಿಯಲ್ಲಿ

ಕಾತ್ರಜ, ಪುಣೆ
ತಾ. ೧೨ ಫೆಬ್ರವರಿ ೨೦೨೪

ವಿವರ ಈ ಕೆಳಗಿನಂತೆ:

೧. ಬರೆಯುವವನು: ಈರಬಸಪ್ಪ, ವಯಸ್ಸು ಎಪ್ಪತ್ತೊಂಬತ್ತು, ನಿವೃತ್ತ ಅರ್ಜಿ ಲೇಖಕ. ಕಿವಿ ಎರಡೂ ಮಂದ, ಕಣ್ಣು ಚೊಕ್ಕ.
೨. ಪಡೆಯುವವಳು: ಚಿ. ಸೌ. ದೀಪಾಲಿ, ಸದರಿಯವನ ಮಗನ ಮಗಳು. ಸದ್ಯ ಮುಕ್ಕಾಂ ದ್ರಾಕ್ಷಿ ತೋಟ, ದಕ್ಷಿಣ ದ್ವೀಪ, ನ್ಯೂಜಿಲೆಂಡ್.
೩. ಅವಳ ಪತಿ: ಚಿ. ಮಾಂತು, ಹಿಂದೆ ಭೋಸರಿಯಲ್ಲಿ ವೆಲ್ಡರ್, ಈಗ ಅದೇ ತೋಟದಲ್ಲಿ ಯಂತ್ರ ರಿಪೇರಿ.
೪. ವಿಷಯ: ಮೊಲ ಹೊಡೆಯಲು ಮೊದಲ ಸಣ್ಣ ಕ್ಯಾಲಿಬರಿನ ರೈಫಲ್ ಆರಿಸುವ ಕುರಿತು.
೫. ಉಲ್ಲೇಖ: ನಿನ್ನ ಪತ್ರ, ತಾ. ೨೧ ಜನವರಿ.

ಚಿ. ಸೌ. ದೀಪಾಲಿಗೆ ಆಶೀರ್ವಾದಗಳು.

ಮೇಲ್ಕಂಡ ವಿಷಯದಲ್ಲಿ ನೀನು ಸಲಹೆ ಕೇಳಿದ್ದು ಯೋಗ್ಯ ವ್ಯಕ್ತಿಯನ್ನೇ ಎಂದು ಮೊದಲು ನಮೂದಿಸುತ್ತೇನೆ. ಕಚೇರಿಯ ಆವರಣದ ಬೇವಿನ ಮರದ ಕೆಳಗೆ ನಲವತ್ತೊಂದು ವರ್ಷ ಕುಳಿತು, ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಬರೆದ ನನ್ನ ಅರ್ಜಿಗಳಲ್ಲಿ ಶಸ್ತ್ರ ಪರವಾನಗಿಯವೇ ಆರುನೂರಕ್ಕೆ ಕಡಿಮೆಯಿಲ್ಲ. ಮೊದಲ ಒಂಬತ್ತು ವರ್ಷ ಕೇವಲ ನಕಲು ಮಾಡುತ್ತಿದ್ದೆ. ಹಳೆಯ ಮುನ್ಶಿಗಳ ವಾಕ್ಯಗಳನ್ನು ಅಕ್ಷರವೂ ಅಲುಗದಂತೆ ಇಳಿಸಿಕೊಂಡೇ ನನ್ನ ಕೈ ಪಳಗಿತು. ೧೯೯೧ರಲ್ಲಿ ಭೋರ್ ಮುಕ್ಕಾಮಿನ ಒಬ್ಬ ಹೆಣ್ಣುಮಗಳಿಗಾಗಿ, ಅವಳ ಗದ್ದೆಗೆ ನುಗ್ಗುವ ಹಂದಿಗಳ ಕಾರಣ ನೀಡಿ, ನಾನು ಬರೆದ ಅರ್ಜಿ ಹನ್ನೊಂದೇ ದಿನದಲ್ಲಿ ಒಂದೂ ಆಕ್ಷೇಪವಿಲ್ಲದೆ ಮಂಜೂರಾಯಿತು. ಅಷ್ಟು ನಿರ್ದೋಷವಾದ ಅರ್ಜಿಯನ್ನು ನಾನು ಅದಕ್ಕೆ ಮುಂಚೆಯೂ ಬರೆದಿರಲಿಲ್ಲ, ಅದರ ನಂತರವೂ ಬರೆಯಲಿಲ್ಲ.

ರೈಫಲ್ ಕುರಿತು: ಪಾಯಿಂಟ್ ಟೂ-ಟೂ ಸಾಕು. ಒಂದೊಂದು ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆದು ತಳ್ಳುವ ಮಾದರಿ ತೆಗೆದುಕೊ. ತಾನಾಗಿಯೇ ಗುಂಡು ತುಂಬಿಕೊಳ್ಳುವುದು ಅವಸರದವರಿಗೆ. ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ದುರ್ಬೀನು ಇರಲಿ. ತೂಕವನ್ನು ಅಂಗಡಿಯಲ್ಲಿ ಅಲ್ಲ, ಗುಡ್ಡ ಹತ್ತಿ ನೋಡು.

ನಿನ್ನ ಅಜ್ಜಿ ಕಾಶವ್ವ ಇದನ್ನು ಓದಿಸಿಕೊಂಡು ಅಂದದ್ದನ್ನು ಯಥಾವತ್ತಾಗಿ ಕೊಡುತ್ತೇನೆ. "ಅಲ್ರೀ, ಜನ್ಮದಾಗ ಒಂದ್ ದಿನಾ ಬಂದೂಕು ಮುಟ್ಟಿದವರಲ್ಲ, ಹುಡುಗಿಗೆ ಪಾಠಾ ಹೇಳ್ತೀರಿ? ಕೊಳ್ಳಾಗ ಲಿಂಗಾ ಕಟ್ಟಿಕೊಂಡಾಕಿ ಮೊಲಾ ಕೊಲ್ಲೂದಂದ್ರ ಏನ್ರಿ? ಇಲ್ಲಿ ಹೊಡದ್ರ ಫಾರೆಸ್ಟನವ್ರು ಒಯ್ತಾರ, ಅಲ್ಲಿ ಹೊಡದ್ರ ಪಗಾರ ಕೊಡ್ತಾರ. ಚಲೋ ಆತು." ಅವಳಿಗೆ ನನ್ನ ಉತ್ತರ: ಸಾವಿರ ಬಳ್ಳಿಗಳನ್ನು ಉಳಿಸುವ ಕೆಲಸವೂ ಕಾಯಕವೇ.

ನಾಲ್ಕನೆಯ ವಯಸ್ಸಿನಿಂದ ನಿನ್ನನ್ನು ಸಾಕಿದವನು ನಾನು. ನಿಸ್ಸಂಕೋಚವಾಗಿ ಕೇಳು.

ಇತಿ,
ಈರಬಸಪ್ಪ

&nbsp;

ದ್ರಾಕ್ಷಿ ತೋಟ, ದಕ್ಷಿಣ ದ್ವೀಪ
೪ ಮಾರ್ಚ್ ೨೦೨೪

ಅಜ್ಜಾ, ಅಜ್ಜಿ, ಇಬ್ಬರಿಗೂ ಶರಣು.

ರೈಫಲ್ ಆರಿಸಿದ್ದಾಯಿತು. ನೀವು ಹೇಳಿದಂತೆ ಪಾಯಿಂಟ್ ಟೂ-ಟೂ, ಬೋಲ್ಟಿನದು. ಅಂಗಡಿಯವನು ಪಾಯಿಂಟ್ ಒನ್-ಸೆವೆನ್ ತೋರಿಸಿ, ಇದು ಇನ್ನೂ ಚುರುಕು ಎಂದ. ಆದರೆ ಅದರ ಗುಂಡು ಹಗುರ, ಈ ಕಣಿವೆಯ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದಂತೆ. ಇದನ್ನು ಹೇಳಿದವರು ಇಲ್ಲಿಯ ಹಳೆಯ ಬೇಟೆಗಾರರೊಬ್ಬರು. ಮೂವತ್ತು ವರ್ಷ ಈ ತೋಟದ ಮೊಲಗಳನ್ನು ಅವರೇ ಹೊಡೆದರು. ಈಗ ಮಂಡಿ ಸೋತಿದೆ. ಅವರ ಕೆಲಸ ನನಗೆ ಬರುತ್ತಿದೆ. ಪರವಾನಗಿ ಕೈಗೆ ಬರುವವರೆಗೆ ರೈಫಲ್ ಅವರ ಹೆಸರಿನಲ್ಲೇ ಇರುತ್ತದೆ, ಅವರ ಕಣ್ಣೆದುರಿನಲ್ಲಷ್ಟೇ ಹಿಡಿಯಬೇಕು.

ರೈಫಲ್ಲನ್ನು ನನಗೆ ಹೊಂದಿಸಲು ಎರಡು ದಿನ ಹಿಡಿಯಿತು. ಭುಜಕ್ಕೆ ಆನಿಸುವ ಮರದ ಹಿಂಬದಿ ಉದ್ದವಾಗಿತ್ತು. ನಾನು ಕತ್ತು ಚಾಚಿದರೂ ದುರ್ಬೀನಿಗೆ ಕಣ್ಣು ಸಿಗುತ್ತಿರಲಿಲ್ಲ. ಅವರು ಮೊಣಕೈ ಮಡಿಕೆಯಿಂದ ಬೆರಳಿನವರೆಗೆ ಅಳೆದು, ಗರಗಸದಿಂದ ಎರಡು ಬೆರಳಗಲ ಕುಯ್ದರು. ದುರ್ಬೀನನ್ನು ನನ್ನ ಕಣ್ಣಿಗೆ ಸರಿಯಾಗಿ ಹಿಂದಕ್ಕೆ ಸರಿಸಿ ಬಿಗಿದರು. "ಇನ್ನು ಇದು ನಿನ್ನ ಅಂಗಿ ಇದ್ದಂತೆ, ಬೇರೆಯವರಿಗೆ ಆಗುವುದಿಲ್ಲ" ಎಂದರು. ನಂತರ ಮರಳಿನ ಚೀಲದ ಮೇಲಿಟ್ಟು ಐವತ್ತು ಮೀಟರಿಗೆ ಗುರಿ ಕಟ್ಟಿದೆವು. ಮೊದಲ ಗುಂಡುಗಳು ಎಡಕ್ಕೆ ಬಿದ್ದವು. ತಿರುಪು ಒಂದೊಂದೇ ಕಟ್ ಕಟ್ ಎಂದು ತಿರುಗಿಸುತ್ತಾ ಬಂದು, ಕೊನೆಯ ಐದೂ ಗುಂಡುಗಳು ಎಂಟಾಣೆಯ ಅಗಲದಲ್ಲಿ ಕೂತವು. ಆ ಗುರಿ ಕಾಗದ ಇದರೊಂದಿಗಿದೆ. ಐವತ್ತು ಮೀಟರಿನಲ್ಲಿ ತಪ್ಪುವುದಿಲ್ಲ. ತೀರ ಹತ್ತಿರಕ್ಕೆ ಮಾತ್ರ ಇದು ಕುರುಡು. ಐದು ಮೀಟರಿನಲ್ಲಿ ದುರ್ಬೀನಿನೊಳಗೆ ಬರೀ ಮಂಜು.

ಮೊದಲ ಮೊಲ ಸಾಯಲಿಲ್ಲ, ಅಜ್ಜಾ. ಬೆನ್ನಿಗೆ ಬಿತ್ತು. ಹಿಂಗಾಲು ಎರಡೂ ಸತ್ತು, ಮುಂಗಾಲಿನಿಂದ ಎಳೆದುಕೊಂಡು ಸಾಲಿನ ಕೆಳಗೆ ಹೋಗುತ್ತಿತ್ತು. ಮೊಲಕ್ಕೆ ಧ್ವನಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ಕೂಸು ಅತ್ತಂತೆ ಕಿರುಚುತ್ತದೆ. ಅವರು ನನ್ನ ಕೈಗೆ ಬಿಡದೆ ತಾವೇ ಹಿಂಗಾಲು ಹಿಡಿದೆತ್ತಿ ಕುತ್ತಿಗೆ ಮುರಿದರು. "ಗಾಯ ಮಾಡಿ ಬಿಟ್ಟುಹೋಗುವುದು ಪಾಪ. ಮುಗಿಸುವ ಧೈರ್ಯ ಇಲ್ಲದವರು ಶುರು ಮಾಡಬಾರದು" ಎಂದರು. ಸಂಜೆ ಅದನ್ನು ಮನೆಯಲ್ಲಿ ಹೇಳಿದೆ. ಇವರು ನಕ್ಕರು. "ಮೊಲದ ಮ್ಯಾಲ ಇಷ್ಟ ಕನಿಕರಾ, ಗಂಡನ ಮ್ಯಾಲ ಇಲ್ಲ ನೋಡು."

ಈ ಕೆಲಸಕ್ಕೆ ಸಂಬಳದ ಜೊತೆ ಗುಡ್ಡದ ಬುಡದಲ್ಲಿ ಸಣ್ಣ ಮನೆಯೂ ಸಿಗುತ್ತದೆ. ಕೆಲಸ ನನ್ನ ಹೆಸರಿನಲ್ಲಿ, ಮನೆಯೂ ನನ್ನ ಹೆಸರಿನಲ್ಲಿ. ಪರವಾನಗಿ ಬಂದರೆ ಮಾತ್ರ.

ಅದಕ್ಕೆ ನನ್ನನ್ನು ಚಿಕ್ಕಂದಿನಿಂದ ಬಲ್ಲ ಹಿರಿಯರ ಪತ್ರ ಜೊತೆಗಿದ್ದರೆ ಒಳ್ಳೆಯದಂತೆ. ನಾಲ್ಕೇ ಸಾಲು ಸಾಕು, ಅಜ್ಜಾ. ನನ್ನ ಬಗ್ಗೆ ಮಾತ್ರ ಬರೆಯಿರಿ. ಬೇರೆ ಯಾರ ಬಗ್ಗೆಯೂ ಬೇಡ.

ನಿಮ್ಮ
ದೀಪಾಲಿ

ಜೊತೆಗೆ: ಗುರಿ ಕಾಗದ ಒಂದು, ನನ್ನ ಫೋಟೋ ಒಂದು.

&nbsp;

ಕಾತ್ರಜ, ಪುಣೆ
ತಾ. ೨೪ ಮಾರ್ಚ್ ೨೦೨೪

ಚಿ. ಸೌ. ದೀಪಾಲಿಗೆ ಆಶೀರ್ವಾದಗಳು.

ಗುರಿ ಕಾಗದವನ್ನು ಪಡಸಾಲೆಯ ಗೋಡೆಗೆ ಅಂಟಿಸಿದ್ದೇನೆ. ಹಾಲಿನವನಿಗೂ ತೋರಿಸಿದೆ, ಆತ "ಆಜೋಬಾ, ನಾತ್ ಭಾರೀ ಆಹೇ" ಎಂದು ಮರಾಠಿಯಲ್ಲಿ ಮೊಮ್ಮಗಳನ್ನು ಹೊಗಳಿ ಕೈ ಮುಗಿದ.

ನೀನು ನಾಲ್ಕು ಸಾಲು ಕೇಳಿದ್ದೀಯೆ. ಅದು ನಿನ್ನ ಸಂಕೋಚವೆಂದು ಬಲ್ಲೆ. ಆದರೆ ನಾಲ್ಕು ಸಾಲಿನ ಕಾಗದಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಆದಕಾರಣ ಹಳೆಯ ಟ್ರಂಕಿನಿಂದ ಭೋರ್ ಮುಕ್ಕಾಮಿನ ಆ ಅರ್ಜಿಯ ಇಂಗಾಲದ ನಕಲನ್ನು ಹೊರತೆಗೆದು, ಅದರ ಆಧಾರದ ಮೇಲೆ ಒಂಬತ್ತು ಕಲಮುಗಳ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಸಿದ್ಧಪಡಿಸಿದ್ದೇನೆ. ಹೆಸರು, ಊರು, ಪ್ರಾಣಿ ಇಷ್ಟನ್ನೇ ಬದಲಿಸಿದೆ; ಉಳಿದದ್ದು ಬದಲಿಸುವ ಅಗತ್ಯವೇ ಕಾಣಲಿಲ್ಲ. ಮುಖ್ಯವಾದ ಎರಡು ಕಲಮುಗಳು ನಿನ್ನ ಗಮನಕ್ಕೆ:

"ಕಲಂ ೫. ಅರ್ಜಿದಾರಳ ಮನೆಯಲ್ಲಿ ಯಾವುದೇ ತಂಟೆ ತಕರಾರು ಇರುವುದಿಲ್ಲ. ದಂಪತಿಗಳು ಅನ್ಯೋನ್ಯವಾಗಿರುವುದನ್ನು ಈ ಸಹಿದಾರನು ಸ್ವತಃ ಬಲ್ಲನು.

ಕಲಂ ೬. ಅರ್ಜಿದಾರಳು ಸ್ತ್ರೀಯಾಗಿರುವುದರಿಂದ ಸದರಿ ಶಸ್ತ್ರವೂ ಅದರ ಕೀಲಿಯೂ ಪತಿಯ ಸುಪರ್ದಿಯಲ್ಲಿ ಇರತಕ್ಕದ್ದು."

ಪದ್ಧತಿಯಂತೆ ಒಂದು ಪ್ರತಿಯನ್ನು ಚಿ. ಮಾಂತುವಿಗೆ ಅವನ ಹೆಸರಿನಲ್ಲೇ ಬೇರೆ ಲಕೋಟೆಯಲ್ಲಿ ಕಳುಹಿಸಿದ್ದೇನೆ. ಕಾಗದದಲ್ಲಿ ಯಾರ ಹೆಸರು ಬರುತ್ತದೆಯೋ ಅವರಿಗೆ ಪ್ರತಿ ಮುಟ್ಟಿಸದೆ ನಾನು ಈವರೆಗೆ ಯಾವ ಕಾಗದವನ್ನೂ ರವಾನಿಸಿಲ್ಲ.

ಕಾಶವ್ವ ನಿನ್ನ ಫೋಟೋವನ್ನು ಬೆಳಗಿನಿಂದ ಹಿಡಿದುಕೊಂಡು ಕುಳಿತಿದ್ದಾಳೆ. "ಅಲ್ಲೀಗ ಬ್ಯಾಸಗಿ ಅಂತೀರಿ. ಹಿಂದ ನಿಂತವರೆಲ್ಲಾ ಅರ್ಧ ತೋಳಿನ ಅಂಗಿ ಹಾಕ್ಯಾರ. ಈಕಿ ಯಾಕ ಮಣಿಕಟ್ಟಿನತನಕಾ ಮುಚ್ಚಿಕೊಂಡಾಳ?" ಎಂದಳು. ಬಿಸಿಲಿಗೆ ಚರ್ಮ ಕಪ್ಪಾಗದಿರಲೆಂದು ಎಂದೆ. "ನೀವು ಬರದದ್ದಷ್ಟ ಓದ್ತೀರಿ" ಎಂದು ಒಳಗೆ ಹೋದಳು. ಅಕ್ಷರ ಬಾರದವರಿಗೆ ಫೋಟೋದಲ್ಲಿ ಏನೇನೋ ಕಾಣಿಸುತ್ತದೆ.

ಇತಿ,
ಈರಬಸಪ್ಪ

ಲಗತ್ತು: ಪ್ರಮಾಣಪತ್ರ, ಎರಡು ಭಾಷೆಗಳಲ್ಲಿ.
ಪ್ರತಿ: ಚಿ. ಮಾಂತು, ಮಾಹಿತಿಗಾಗಿ.

&nbsp;

ದ್ರಾಕ್ಷಿ ತೋಟ
೨೦ ಏಪ್ರಿಲ್ ೨೦೨೪

ಅಜ್ಜಾ, ಶರಣು.

ನಿಮ್ಮ ಕಾಗದ ಮುಟ್ಟಿತು. ಇವರ ಪ್ರತಿ ನನ್ನದಕ್ಕಿಂತ ಎರಡು ದಿನ ಮೊದಲೇ ಮುಟ್ಟಿತ್ತು.

ಪೊಲೀಸಿನ ಹೆಣ್ಣುಮಗಳೊಬ್ಬರು ಬಂದು ನನ್ನೊಬ್ಬಳನ್ನೇ ಕೂರಿಸಿಕೊಂಡು, ಮನೆಯಲ್ಲಿ ಯಾರ ಭಯವಾದರೂ ಇದೆಯೇ ಎಂದು ಕೇಳಿದರು. ಅವಸರ ಮಾಡಲಿಲ್ಲ, ಬಹಳ ಹೊತ್ತು ಕಾದರು. ನಿಮ್ಮ ಐದನೆಯ ಕಲಂ ಏನು ಹೇಳುತ್ತದೆಯೋ ನಾನೂ ಅದನ್ನೇ ಹೇಳಿದೆ. ನಿಮ್ಮ ಸಹಿ ಒಂದು ಹೇಳಿ ನನ್ನ ಬಾಯಿ ಇನ್ನೊಂದು ಹೇಳಿದರೆ ಪರವಾನಗಿ ಬರುವುದಿಲ್ಲ ಎಂದುಕೊಂಡೆ. ಬಂದೂಕಿಡುವ ಬೀರುವಿನ ಕೀಲಿ ನನ್ನ ಬಳಿ ಮಾತ್ರ ಇರಬೇಕೆಂದು ಎರಡು ಸಲ ಹೇಳಿ, ಬರೆದುಕೊಟ್ಟು ಹೋದರು.

ಅವರ ಕಾರು ಗೇಟು ದಾಟಿದ ಮೇಲೆ ಇವರು ನಿಮ್ಮ ಆರನೆಯ ಕಲಮನ್ನು ಗಟ್ಟಿಯಾಗಿ ಓದಿದರು. "ನಿಮ್ಮಜ್ಜಾನ ಬರದಾನಲ್ಲ. ಅಂವಾ ಬರದದ್ದು ಸುಳ್ಳಂದ್ರ ಹಂಗ ಹೇಳಿಬಿಡು." ನಾನು ಕೀಲಿ ಕೊಟ್ಟೆ. ಈಗ ಅದು ಅವರ ಕೊರಳ ದಾರದಲ್ಲಿದೆ.

ಪರವಾನಗಿ ಬಂತು. ಗುಡ್ಡದ ಬುಡದ ಮನೆಗೆ ಇಬ್ಬರೂ ಬಂದಿದ್ದೇವೆ. ಹಳೆಯ ಬೇಟೆಗಾರರು ತಮ್ಮ ಮುದಿ ನಾಯಿಯನ್ನು ನನಗೆ ಬಿಟ್ಟುಹೋಗಿದ್ದಾರೆ. ಎಲ್ಲವೂ ನೀವು ಬರೆದಂತೆಯೇ ಆಗಿದೆ.

ದೀಪಾಲಿ

&nbsp;

ಕಾತ್ರಜ, ಪುಣೆ
ತಾ. ೧೦ ಮೇ ೨೦೨೪

ಚಿ. ಸೌ. ದೀಪಾಲಿಗೆ ಆಶೀರ್ವಾದಗಳು.

"ಎಲ್ಲವೂ ನೀವು ಬರೆದಂತೆಯೇ ಆಗಿದೆ" ಎಂಬ ನಿನ್ನ ವಾಕ್ಯವನ್ನು ಮೂರು ಬಾರಿ ಓದಿದೆ. ಒಬ್ಬ ಅರ್ಜಿ ಲೇಖಕನಿಗೆ ಇದಕ್ಕಿಂತ ದೊಡ್ಡ ಮನ್ನಣೆಯಿಲ್ಲ. ನೀನು ಪತ್ರ ಚಿಕ್ಕದಾಗಿ ಬರೆದದ್ದನ್ನು ಹೊಸ ಕೆಲಸದ ಗಡಿಬಿಡಿಯೆಂದು ಭಾವಿಸುತ್ತೇನೆ. ಕೀಲಿಯ ವಿಷಯದಲ್ಲಿ ಅಲ್ಲಿಯ ನಿಯಮ ಬೇರೆ ಇರಬಹುದು. ಆದರೂ ಗಂಡಸಿನ ಕೊರಳಲ್ಲಿರುವುದು ಭದ್ರ. ಇನ್ನೆರಡು ಗುರಿ ಕಾಗದಗಳನ್ನು ಕಳುಹಿಸು. ಗೋಡೆಯಲ್ಲಿ ಜಾಗವಿದೆ.

ಕಾಶವ್ವನ ಒತ್ತಾಯದ ಮೇರೆಗೆ ಅವಳ ಹೇಳಿಕೆಯನ್ನು ದಾಖಲಿಸುತ್ತೇನೆ:

"ದೀಪಾ, ನಾ ಫೋನ್ ಮಾಡಿದ್ರ ಮಾಂತೂನ ಎತ್ತತಾನ. ನಿನ್ ಕಡೆ ಕೊಡು ಅಂದ್ರ, ಆಕಿ ತ್ವಾಟದಾಗ ಅದಾಳ ಅಂತಾನ. ಹಿಂದ ನಿನ್ನ ಕೆಮ್ಮು ಕೇಳಸತದ. ನಿನ್ ತೋಳಿಗೆ ಏನಾಗೇದ, ನನಗ ಬರಿ. ಈ ಮುದುಕಗ ಬರೀಬ್ಯಾಡ."

ಇದರ ಮುಂದೆ ಅವಳು ಭೋರಿನ ಹಳೆಯ ಸಂಗತಿಯೊಂದನ್ನು ಎತ್ತಿದಳು. ಅದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ದಾಖಲಿಸಲು ನಿರಾಕರಿಸಿದ್ದೇನೆ. ಇಂದು ಮಧ್ಯಾಹ್ನ ಅವಳು ನನಗೆ ಊಟ ಬಡಿಸಲಿಲ್ಲ.

ಇತಿ,
ಈರಬಸಪ್ಪ

&nbsp;

ಕಾತ್ರಜ, ಪುಣೆ
ತಾ. ೩ ಜುಲೈ ೨೦೨೪

ವಿಷಯ: ಜ್ಞಾಪನ.

೧. ನನ್ನ ಪತ್ರ ತಾ. ೧೦ ಮೇ. ಉತ್ತರ ಬಂದಿಲ್ಲ.
೨. ಜೂನ್ ತಿಂಗಳ ಮೊದಲ ವಾರ ನಿಮ್ಮ ತೋಟದಿಂದ ಯಾರೋ ಹೆಂಗಸು ಫೋನ್ ಮಾಡಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದಳಂತೆ. ಕಾಶವ್ವನಿಗೆ ಅರ್ಥವಾದದ್ದು "ಹಾಸ್ಪಿಟಲ್" ಎಂಬ ಒಂದೇ ಮಾತು. ನನಗೆ ಕೇಳಿಸಲಿಲ್ಲ.
೩. ಆಮೇಲೆ ಆ ನಂಬರು ಎತ್ತಲಿಲ್ಲ. ಮಾಂತುವಿನ ಫೋನು ಬಂದ್ ಆಗಿದೆ.
೪. ಕಾಶವ್ವ ಗುರಿ ಕಾಗದವನ್ನು ಗೋಡೆಯಿಂದ ಕೆರೆದು ಹಾಕಿದ್ದಾಳೆ.

ನೀನು ಕ್ಷೇಮವಾಗಿದ್ದೀಯೆ ಎಂಬ ಒಂದು ಸಾಲು ಸಾಕು. ನಾಲ್ಕು ಬೇಡ.

ಅಜ್ಜ

&nbsp;

ದ್ರಾಕ್ಷಿ ತೋಟ, ಯಜಮಾನಿಯ ಮನೆ
೨೦ ಜುಲೈ ೨೦೨೪

ಅಜ್ಜಾ,

ಅಕ್ಷರ ಸೊಟ್ಟ ಇವೆ. ಎಡಗೈಯಿಂದ ಬರೆಯುತ್ತಿದ್ದೇನೆ. ಈ ಪತ್ರಕ್ಕೆ ನಾಲ್ಕು ದಿನ ಹಿಡಿದಿದೆ. ಅಜ್ಜಿಗೆ ಪೂರ್ತಿ ಓದಿ ಹೇಳಿ, ಎಲ್ಲಿಯೂ ಬಿಡಬೇಡಿ.

ಮೇ ೨೬, ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಕೆಳಗಿನ ಸಾಲುಗಳಲ್ಲಿ ಮೊಲ ಬಂದಿವೆ ಎಂದು ತೋಟದ ಯಜಮಾನಿ ಹೇಳಿ ಕಳುಹಿಸಿದ್ದರು. ಇವರ ಹತ್ತಿರ ಕೀಲಿ ಕೇಳಿದೆ. ದಿನಾ ಕೇಳಬೇಕಾಗಿತ್ತು. "ಬೇಡಿಕೋ" ಎಂದರು. ಅದನ್ನೂ ದಿನಾ ಮಾಡುತ್ತಿದ್ದೆ. ಅಂದು ಮಾಡಲಿಲ್ಲ. ಈ ಮನೆ ನನ್ನ ಕೆಲಸದ್ದು, ಕೀಲಿ ಕೊಡದಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದೆ.

ಒಲೆಯ ಪಕ್ಕದ ಕಬ್ಬಿಣದ ಸಲಾಕೆ ತೆಗೆದುಕೊಂಡು ಮೊದಲು ಫೋನು ಒಡೆದರು, ಆಮೇಲೆ ನನ್ನ ಪಕ್ಕೆ. ನೆಲಕ್ಕೆ ಬಿದ್ದ ಮೇಲೂ ಬಿಡಲಿಲ್ಲ. ಇದು ಮೊದಲ ಸಲವಲ್ಲ. ಭೋಸರಿಯಲ್ಲಿದ್ದಾಗಲೂ ಇತ್ತು. ತೋಳುಗಳನ್ನು ಯಾಕೆ ಮುಚ್ಚುತ್ತಿದ್ದೆ ಎಂದು ಅಜ್ಜಿ ಕೇಳಿದ್ದಕ್ಕೆ ಇದು ಉತ್ತರ. ನಿಮಗೆ ನಾನು ಹೇಳಲಿಲ್ಲ. ಅದು ನನ್ನ ತಪ್ಪು. ಈ ಮದುವೆ ಗೊತ್ತು ಮಾಡಿದವರು ನೀವು. ಅದು ಕೆಟ್ಟಿತೆಂದು ಹೇಳಿದರೆ ನೀವು ಬರೆದ ಅರ್ಜಿಯೇ ಕೆಟ್ಟಿತೆಂದು ಹೇಳಿದಂತೆ ಎಂದು ಹೆದರಿದೆ.

ಆಮೇಲೆ ಅವರು ಬೀರು ತೆಗೆದು ರೈಫಲ್ ಹೊರತೆಗೆದರು. ಗುಂಡು ತುಂಬುತ್ತಾ ನಗುತ್ತಿದ್ದರು. ನನ್ನನ್ನು ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ನಿಲ್ಲಿಸಿದರು. "ದಿನಾ ಮೊಲಾ ಹೊಡೀತಿ. ಮೊಲಾ ಹೆಂಗ ಓಡತಾವ? ಓಡು, ನೋಡೂಣು."

ಓಡಿದೆ. ಎಲೆ ಉದುರಿದ ಸಾಲಿನ ನಡುವೆ, ಮುರಿದ ಪಕ್ಕೆ ಹಿಡಿದುಕೊಂಡು. ಮುದಿ ನಾಯಿ ಆಟವೆಂದು ತಿಳಿದು ನನ್ನ ಜೊತೆ ಓಡಿತು. ಮೊದಲ ಗುಂಡು ಕಂಬಕ್ಕೆ ಬಡಿದು ಚಕ್ಕೆ ನನ್ನ ಕೆನ್ನೆಗೆ ಹೊಡೆಯಿತು. ಎರಡನೆಯದು ನಾಯಿಯ ಹೊಟ್ಟೆಗೆ. ಅದು ಆ ಮೊದಲ ಮೊಲದಂತೆ ಮುಂಗಾಲಿನಿಂದ ನನ್ನ ಕಡೆಗೆ ತೆವಳಿತು. ನಾನು ಬಗ್ಗಿ ಅದರ ತಲೆಯ ಮೇಲೆ ಕೈಯಿಟ್ಟಿದ್ದೆ. ಮೂರನೆಯ ಗುಂಡು ಆ ಕೈಗೆ ಬಿತ್ತು. ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಅಲ್ಲಿಯೇ ಹುಲ್ಲಿನಲ್ಲಿ ಉಳಿದವು.

ಆಗ ಲೆಕ್ಕ ಹಾಕಿದೆ, ಅಜ್ಜಾ. ಯಾಕೆ ಅಷ್ಟು ಸ್ಪಷ್ಟವಾಗಿ ಹೊಳೆಯಿತೋ ತಿಳಿಯದು. ನಾನು ನಿಂತದ್ದು ಐವತ್ತು ಮೀಟರಿನ ಹತ್ತಿರ. ರೈಫಲ್ಲಿಗೆ ನಾನೇ ಗುರಿ ಕಟ್ಟಿದ್ದು ಐವತ್ತಕ್ಕೆ. ಮುಂದಕ್ಕೆ ಓಡಿದಷ್ಟೂ ಅವರಿಗೆ ನಾನು ಚೆನ್ನಾಗಿ ಕಾಣುತ್ತೇನೆ. ಅವರು ನನಗಿಂತ ಒಂದು ಮೊಳ ಎತ್ತರ. ಕುಯ್ದು ಗಿಡ್ಡ ಮಾಡಿದ ಮರ ಅವರ ಭುಜಕ್ಕೆ ಕೂಡುತ್ತಿರಲಿಲ್ಲ, ಕತ್ತು ಬಗ್ಗಿಸಿ ದುರ್ಬೀನು ಹುಡುಕುತ್ತಿದ್ದರು. ಆ ಕಾರಣಕ್ಕೇ ಮೂರು ಗುಂಡಿಗೂ ನಾನು ಉಳಿದಿದ್ದೆ. ಹತ್ತಿರಕ್ಕೆ ಅದು ಕುರುಡು.

ತಿರುಗಿ ಅವರ ಕಡೆಗೇ ಓಡಿದೆ.

ಅವರು ಗಾಬರಿಯಾದರು. ಬೋಲ್ಟ್ ಎಳೆದು ತಳ್ಳುವಷ್ಟರಲ್ಲಿ ನಾನು ನಳಿಕೆ ಹಿಡಿದಿದ್ದೆ. ಗುಂಡು ನನ್ನ ಕಿವಿಯ ಪಕ್ಕ ಹೋಯಿತು. ಕಿತ್ತುಕೊಂಡು ಆ ಕುಯ್ದ ಮರದಿಂದಲೇ ಮುಖಕ್ಕೆ ಹೊಡೆದೆ. ದವಡೆ ಮುರಿದ ಸದ್ದು ಒಣ ಕಟ್ಟಿಗೆಯದ್ದು. ಬಿದ್ದ ಮೇಲೆ ಇನ್ನೂ ಎರಡು ಸಲ ಹೊಡೆದೆ. ಅಷ್ಟು ಬೇಕಿರಲಿಲ್ಲ. ಅದನ್ನು ಪೊಲೀಸರಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ರೈಫಲ್ಲಿನಲ್ಲಿ ಇನ್ನೂ ಒಂದು ಗುಂಡಿತ್ತು. ಅವರ ಕಡೆ ಒಮ್ಮೆ ನೋಡಿದೆ. ಆಮೇಲೆ ಸಾಲಿಗೆ ಹೋಗಿ ಆ ಗುಂಡನ್ನು ನಾಯಿಗೆ ಕೊಟ್ಟೆ.

ಗುಂಡಿನ ಸದ್ದು ಕೇಳಿ ಬಂದ ಯಜಮಾನಿ ನನ್ನನ್ನು ಆಸ್ಪತ್ರೆಗೆ ಸಾಗಿಸಿದರು, ಆಮೇಲೆ ನಿಮಗೆ ಫೋನ್ ಮಾಡಿದವರೂ ಅವರೇ. ಇವರು ಈಗ ಬಂಧನದಲ್ಲಿದ್ದಾರೆ. ಅವರ ವಕೀಲರು ಹೇಳುವುದು: ಹೆಂಡತಿಯ ಮನೆಯ ಹಿರಿಯರ ಲಿಖಿತ ಒಪ್ಪಿಗೆಯಿಂದಲೇ ಬಂದೂಕು ಗಂಡನ ವಶದಲ್ಲಿತ್ತು, ಮನೆಯಲ್ಲಿ ಜಗಳವಿರಲಿಲ್ಲವೆಂದು ಅದೇ ಹಿರಿಯರು ಸಹಿ ಮಾಡಿದ್ದಾರೆ, ಮೊಲ ಹೊಡೆಯುವಾಗ ಕೈ ತಪ್ಪಿತು, ಅವಳೇ ಸಿಟ್ಟಿನಿಂದ ಹೊಡೆದಳು. ನಿಮ್ಮ ಕಾಗದವನ್ನು ಅವರು ಎತ್ತಿ ಹಿಡಿದಿದ್ದಾರೆ, ಅಜ್ಜಾ. ಅದರ ಮುಂದೆ ನನ್ನ ಮಾತು ಅರ್ಧಕ್ಕೆ ನಿಂತಿದೆ.

ಒಂದನ್ನು ಕೇಳುತ್ತೇನೆ. ನೀವು ಎಲ್ಲ ಗೊತ್ತಿದ್ದೇ ಆರನೆಯ ಕಲಂ ಬರೆದಿರೆಂದು ನಾನು ಇಷ್ಟು ದಿನ ತಿಳಿದಿದ್ದೆ. ಗಂಡನ ಅಂಕೆಯಲ್ಲಿರು ಎಂದು ನೀವು ನನಗೆ ಹೇಳಿದ ರೀತಿ ಅದು ಎಂದುಕೊಂಡೆ. ಹೌದೋ ಅಲ್ಲವೋ?

ನಿಜ ಏನಿದೆಯೋ ಅದನ್ನು ಬರೆದು ಕಳುಹಿಸಿ. ಯಾವುದರಿಂದಲೂ ನಕಲು ಮಾಡಬೇಡಿ.

ದೀಪಾಲಿ

&nbsp;

ಕಾತ್ರಜ, ಪುಣೆ
ತಾ. ೮ ಆಗಸ್ಟ್ ೨೦೨೪

ದೀಪಾಲಿ,

ನಿನ್ನ ಪತ್ರವನ್ನು ಕಾಶವ್ವನಿಗೆ ಪೂರ್ತಿ ಓದಿದೆ. ಬೆರಳುಗಳ ಸಾಲಿಗೆ ಬಂದಾಗ ಅವಳು ಎದ್ದುಹೋಗಿ ಹಿಂಬದಿಯ ನಲ್ಲಿ ಬಿಟ್ಟು ಬಹಳ ಹೊತ್ತು ಕೈ ತೊಳೆದಳು. ಬಂದು ಕುಳಿತು "ಮುಂದ ಓದ್ರಿ" ಎಂದಳು. ನಾಯಿಗೆ ಗುಂಡು ಕೊಟ್ಟದ್ದನ್ನು ಕೇಳಿ, "ಅಲ್ಲಿ ಒಂದ ತಪ್ಪು ಮಾಡಿದ್ಳು" ಎಂದಳು. ಅವಳು ಅಂದದ್ದನ್ನು ಕೊಟ್ಟಿದ್ದೇನೆ, ತಿದ್ದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಅಲ್ಲ. ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿರಲಿಲ್ಲ ಎಂಬುದು ನನ್ನ ಪರವಾದ ಮಾತಲ್ಲ. ಅದನ್ನು ಕೆಳಗೆ ಹೇಳುತ್ತೇನೆ. ಇದನ್ನು ನೀನೇ ಇಂಗ್ಲಿಷಿಗೆ ಇಳಿಸಿ ಎಲ್ಲಿ ಬೇಕೋ ಅಲ್ಲಿ ಕೊಡು. ಕಲಮುಗಳಾಗಿ ವಿಂಗಡಿಸಲು ಎರಡು ದಿನ ಯತ್ನಿಸಿದೆ. ಸಂಖ್ಯೆ ಹಾಕಿದ ಕೂಡಲೇ ಹಳೆಯ ವಾಕ್ಯಗಳೇ ಕೈಗೆ ಬಂದವು. ಆದ್ದರಿಂದ ಸಂಖ್ಯೆಯಿಲ್ಲದೆ ಬರೆದಿದ್ದೇನೆ.

ಈರಬಸಪ್ಪನಾದ ನಾನು, ಮಾರ್ಚ್ ೨೪ರಂದು ನೀಡಿದ ಪ್ರಮಾಣಪತ್ರವನ್ನು ಸಂಪೂರ್ಣ ಹಿಂತೆಗೆದುಕೊಳ್ಳುತ್ತೇನೆ. ದಂಪತಿಗಳು ಅನ್ಯೋನ್ಯವಾಗಿರುವುದನ್ನು ಸ್ವತಃ ಬಲ್ಲೆ ಎಂದು ಬರೆದಿದ್ದೆ. ನಾನು ಆ ದೇಶವನ್ನು ಕಂಡಿಲ್ಲ, ಆ ಮನೆಯನ್ನು ಕಂಡಿಲ್ಲ, ಅವರ ಮದುವೆಯಾದ ಮೇಲೆ ಒಂದು ದಿನವೂ ಅವರ ಜೊತೆ ಇದ್ದಿಲ್ಲ. ಕೀಲಿ ಪತಿಯ ಸುಪರ್ದಿಯಲ್ಲಿ ಇರತಕ್ಕದ್ದು ಎಂದು ನನಗೆ ಯಾರೂ ಹೇಳಿರಲಿಲ್ಲ. ಬದಲಾಗಿ, ಬೇರೆ ಯಾರ ಬಗ್ಗೆಯೂ ಬರೆಯಬೇಡಿ ಎಂದು ಅರ್ಜಿದಾರಳು ಸ್ಪಷ್ಟವಾಗಿ ತಿಳಿಸಿದ್ದಳು. ಆ ಎರಡೂ ಕಲಮುಗಳು ೧೯೯೧ರ ಒಂದು ಅರ್ಜಿಯಿಂದ ಅಕ್ಷರಶಃ ನಕಲು ಮಾಡಿದವು. ಅದು ಯಾರ ಒಪ್ಪಿಗೆಯೂ ಅಲ್ಲ. ನನ್ನ ಕೈಯ ರೂಢಿ, ಅಷ್ಟೆ.

ಆ ಅರ್ಜಿ ಭೋರಿನ ಇಂದೂ ಎಂಬವಳದ್ದು. ಗದ್ದೆ ಅವಳ ತಂದೆಯಿಂದ ಅವಳ ಹೆಸರಿಗೆ ಬಂದದ್ದು; ಪಾಯಿಂಟ್ ಟೂ-ಟೂ ಪರವಾನಗಿಯೂ ಅವಳ ಹೆಸರಿಗೆ. ಅವಳ ಗಂಡ ಕಾಂತಪ್ಪ ನನ್ನ ಮೇಜಿನೆದುರು ನಿಂತು ಎಲ್ಲವನ್ನೂ ತಾನೇ ಹೇಳಿ ಬರೆಸಿದ. ಅವಳು ಬೇವಿನ ಮರದ ಆಚೆ ಕುಳಿತಿದ್ದಳು. ಅಂದು ನನಗೆ ಬುತ್ತಿ ತಂದಿದ್ದ ನನ್ನ ಹೆಂಡತಿ ಕಾಶವ್ವ ಅವಳಿಗೆ ನೀರು ಕೊಟ್ಟಳು. ಇಂದೂ ನೀರು ಕುಡಿದು, ಸೆರಗು ಸರಿಸಿ ಬೆನ್ನು ತೋರಿಸಿದಳು. ಕಾಶವ್ವ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಆಕಿ ಬೆನ್ನ ಮ್ಯಾಲ ಬೆಲ್ಟಿನ ಬಕಲ್ ಮೂಡೇದ್ರಿ. ಈ ಅರ್ಜಿ ಬರೀಬ್ಯಾಡ್ರಿ." ನಾನು ಐದನೆಯ ಕಲಮಿನ ನಡುವೆ ಇದ್ದೆ. ಅಕ್ಷರ ಸೊಗಸಾಗಿ ಬರುತ್ತಿತ್ತು. ಪೂರ್ತಿ ಮಾಡಿದೆ.

ಹನ್ನೊಂದು ದಿನಕ್ಕೆ ಮಂಜೂರಾಯಿತು. ಮೂರು ತಿಂಗಳಿಗೆ ಕಾಂತಪ್ಪ ಅದೇ ಬಂದೂಕಿನಿಂದ, ಅದೇ ಗದ್ದೆಯಲ್ಲಿ, ಹಾಡುಹಗಲು ಇಂದೂವನ್ನು ಕೊಂದ. ಗುಂಡು ಐದು. ಹಂದಿಯೆಂದು ತಿಳಿದು ಹೊಡೆದೆ ಎಂದ. ಬಂದೂಕು ತನ್ನ ಸುಪರ್ದಿಯಲ್ಲಿ ಇರಬೇಕೆಂದು ಅರ್ಜಿಯಲ್ಲೇ ಬರೆದಿದೆ ಎಂದ. ನನ್ನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ, ನಾನಾಗಿ ಹೋಗಲಿಲ್ಲ. ಬರವಣಿಗೆಯಲ್ಲಿ ದೋಷವಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡು ನಕಲನ್ನು ಟ್ರಂಕಿನಲ್ಲಿಟ್ಟೆ. ಮೂವತ್ತಮೂರು ವರ್ಷ ಅದನ್ನು ನನ್ನ ಅತ್ಯುತ್ತಮ ಅರ್ಜಿಯೆಂದು ಹೇಳಿಕೊಂಡು ಬಂದೆ. ಕಾಶವ್ವ ಹೇಳಿದ್ದು ನನಗೆ ಕೇಳಿಸಿತ್ತು. ಆಗ ನನ್ನ ಕಿವಿ ಚೆನ್ನಾಗಿತ್ತು.

ನನ್ನ ಮೊಮ್ಮಗಳು ದೀಪಾಲಿಯನ್ನು ನಾಲ್ಕನೆಯ ವಯಸ್ಸಿನಿಂದ ಬಲ್ಲೆ. ಅವಳು ಸುಳ್ಳು ಹೇಳುವವಳಲ್ಲ. ಒಮ್ಮೆ ಹೇಳಿದಳು, ನನ್ನ ಸಹಿ ಸುಳ್ಳಾಗಬಾರದೆಂದು. ರೈಫಲ್ಲು ಅವಳದ್ದು, ಕೀಲಿ ಅವಳದ್ದು, ಕೆಲಸ ಅವಳದ್ದು. ಅವಳ ಕೈಗೆ ಅದನ್ನು ಮತ್ತೆ ಕೊಡಬಹುದೇ ಎಂದು ಯಾರಾದರೂ ಕೇಳಿದರೆ, ಕೊನೆಯ ಗುಂಡು ಯಾರಿಗೆ ಹೋಯಿತೆಂಬುದನ್ನು ನೋಡಬೇಕೆಂದು ಅರಿಕೆ.

ಈ ಹೇಳಿಕೆಯ ಪ್ರತಿಯನ್ನು ಮಾಂತುವಿಗೆ ಕಳುಹಿಸಿಲ್ಲ. ನಾನು ಪದ್ಧತಿ ಮುರಿದದ್ದು ಇದೇ ಮೊದಲು.

ಸಹಿ: ಈರಬಸಪ್ಪ
ಸಾಕ್ಷಿ, ಇಂದೂವಿನ ಬೆನ್ನು ಕಂಡವಳು: ಕಾಶವ್ವ ಕೋಂ ಈರಬಸಪ್ಪ, ಎಡಗೈ ಹೆಬ್ಬೆಟ್ಟಿನ ಗುರುತು

ಲಗತ್ತು: ಭೋರ್ ಮುಕ್ಕಾಮಿನ ಇಂದೂ ಇವರ ಮರಾಠಿ ಅರ್ಜಿಯ ಇಂಗಾಲದ ನಕಲು, ೧೯೯೧, ಒಂದು ಹಾಳೆ. ಇದರ ಬೇರೆ ನಕಲನ್ನು ನಾನು ಇಟ್ಟುಕೊಂಡಿಲ್ಲ.